ಎಂಟು ಗಂಟೆಯ ಕ್ಲಾಸು, ಒಂಬತ್ತೂಕಾಲರ ಬಸ್ಸು

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಗಣಿತ ಉಪನ್ಯಾಸಕಿಯೊಬ್ಬರ ಉತ್ತರ

ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ತಿಂಗಳು ನನಗೆ ಬರುವ ಕಾಗದಗಳ ತೂಕವೇ ಬೇರೆ. ಪಾಸಾದವರು ಬರೆಯುವುದಿಲ್ಲ, ಅವರು ಬೆಣ್ಣೆದೋಸೆ ತಿನ್ನಲು ಹೋಗಿರುತ್ತಾರೆ. ಬರೆಯುವವರು ಉಳಿದವರು, ಅವರ ಅಪ್ಪಂದಿರು, ಅಪರೂಪಕ್ಕೊಮ್ಮೆ ಅವರ ಮೇಷ್ಟ್ರು. ಈ ಸಲ ಆರಿಸಿದ ಆರು ಕಾಗದಗಳೂ ಒಂದೇ ಜಾಡಿನವು. ಹಟ್ಟಿಗಳಿಂದ, ಕಾಲೋನಿಗಳಿಂದ ಕಾಲೇಜಿಗೆ ಬಂದ ಮಕ್ಕಳು ಮೊದಲ ವರ್ಷದಲ್ಲೇ ಎಡವಿದರೆ ಮುಂದೇನು ಅನ್ನುವುದು. ಹಾಗಾಗಿ ಲೆಕ್ಕದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಮೊಳಕಾಲ್ಮುರು ತಾಲ್ಲೂಕಿನವಳು. ದಾವಣಗೆರೆಯಲ್ಲಿ ಎಸ್.ಟಿ. ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೇನೆ. ಮೊದಲ ಸೆಮಿಸ್ಟರಿನಲ್ಲಿ ಗಣಿತ, ಭೌತಶಾಸ್ತ್ರ ಎರಡೂ ಹೋದವು. ಮನೆಯಲ್ಲಿ ತೆಲುಗು, ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಪಿ.ಯು. ಹೇಗೋ ಬಾಯಿಪಾಠ ಮಾಡಿ ದಾಟಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಸ್ಕಾಲರ್‌ಶಿಪ್ ನಿಲ್ಲುತ್ತದಾ? ಹಾಸ್ಟೆಲಿನಿಂದ ಕಳಿಸುತ್ತಾರಾ? ಊರಿಗೆ ಹೋಗಿ ಅವ್ವನ ಜೊತೆ ಕೂಲಿಗೆ ಹೋಗಿಬಿಡೋಣ ಅನ್ನಿಸುತ್ತಿದೆ. (ಹೆಸರು ಬೇಡ)

ಉತ್ತರ: ತಾಯೀ, ಕೂಲಿಯ ಮಾತು ಆಮೇಲೆ. ಸ್ಕಾಲರ್‌ಶಿಪ್ಪಿನ ವಿಚಾರ ಮೊದಲು ಹೇಳಿಬಿಡುತ್ತೇನೆ, ನಿನಗೆ ನಿದ್ದೆ ಇಲ್ಲದಿರುವುದು ಅದಕ್ಕೇ ಅಂತ ಕೈಬರಹವೇ ಹೇಳುತ್ತಿದೆ.

ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ನಿಯಮಗಳಲ್ಲಿ ಒಂದು ಅಂಶವಿದೆ. ಅದನ್ನು ನಾನು ದಪ್ಪಕ್ಷರದಲ್ಲಿ ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದೆ. ಕೆಳಗಿನ ತರಗತಿಯ ವಿಷಯ ಬಾಕಿ ಉಳಿದಿದ್ದರೂ ವಿಶ್ವವಿದ್ಯಾಲಯದ ನಿಯಮದಂತೆ ಮೇಲಿನ ತರಗತಿಗೆ ಹೋಗಲು ಬಿಟ್ಟಿದ್ದರೆ, ಆ ಮೇಲಿನ ತರಗತಿಗೆ ವಿದ್ಯಾರ್ಥಿವೇತನ ಸಿಗಬೇಕು. ನಮ್ಮ ಡಿಗ್ರಿ ಕೋರ್ಸುಗಳಲ್ಲಿ ಮೊದಲ ಸೆಮಿಸ್ಟರಿನ ಎರಡು ಪೇಪರ್ ಉಳಿದರೆ ಎರಡನೇ ಸೆಮಿಸ್ಟರಿಗೆ ಹೋಗಲು ಬಿಡುತ್ತಾರೆ, ಉಳಿದದ್ದನ್ನು ಮುಂದೆ ಆ ಸೆಮಿಸ್ಟರಿನ ಪರೀಕ್ಷೆ ನಡೆದಾಗ ಕಟ್ಟಬೇಕು. ಅಂದರೆ ನೀನೀಗ ಎರಡನೇ ಸೆಮಿಸ್ಟರಿನ ವಿದ್ಯಾರ್ಥಿನಿ, ಬೆನ್ನ ಮೇಲೆ ಎರಡು ಪೇಪರ್ ಇದೆ ಅಷ್ಟೆ. ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದು ಬರೆಯಲಾಗದೇ ಹೋದರೆ ವೈದ್ಯರ ಸರ್ಟಿಫಿಕೇಟ್ ಕೊಟ್ಟು ವಿದ್ಯಾರ್ಥಿವೇತನ ಮುಂದುವರಿಸಿಕೊಳ್ಳಲೂ ಅದೇ ನಿಯಮಗಳಲ್ಲಿ ದಾರಿಯಿದೆ. ಹಾಸ್ಟೆಲಿನದೂ ಹಾಗೇ. ನಾನು ಕಂಡ ವಾರ್ಡನ್‌ಗಳೆಲ್ಲ ಕೇಳುತ್ತಿದ್ದದ್ದು ಮುಂದಿನ ಸೆಮಿಸ್ಟರಿನ ಅಡ್ಮಿಷನ್ ರಸೀತಿ. ಅದನ್ನು ಕಟ್ಟಿ, ಒಂದು ಜೆರಾಕ್ಸ್ ಕೊಟ್ಟು, ಕೊಟ್ಟಿದ್ದಕ್ಕೆ ಇನ್ನೊಂದರ ಮೇಲೆ ಸಹಿ ಹಾಕಿಸಿಕೋ.

ಆದರೆ ಅಟೆಂಡೆನ್ಸ್ ಶಾರ್ಟೇಜ್ ಅನ್ನುವುದು ಬೇರೆಯೇ ಪ್ರಾಣಿ. ಫೇಲಾದವಳಿಗೆ ಪೇಪರ್ ಕಟ್ಟುವ ದಾರಿ ಇದೆ, ಶೇ. 75 ಹಾಜರಿ ಇಲ್ಲದವಳಿಗೆ ಪರೀಕ್ಷೆಗೇ ಕೂರಿಸುವುದಿಲ್ಲ, ಸೆಮಿಸ್ಟರನ್ನೇ ಮತ್ತೆ ಓದಬೇಕಾಗುತ್ತದೆ. ಫೇಲಾದ ನಾಚಿಕೆಗೆ ಹದಿನೈದು ದಿನ ಊರಲ್ಲಿ ಕೂತು, ಆ ಹದಿನೈದು ದಿನದಿಂದಲೇ ಎರಡನೇ ಸೆಮಿಸ್ಟರನ್ನೂ ಕಳಕೊಂಡ ಹುಡುಗಿಯರನ್ನು ನಾನು ಬೆರಳು ಮಡಿಸಿ ಎಣಿಸಬಲ್ಲೆ. ಈ ಕಾಗದ ಬರೆದಾಗ ನೀನು ಹಾಸ್ಟೆಲಿನಲ್ಲಿದ್ದೆಯೋ ಊರಲ್ಲಿದ್ದೆಯೋ ಬರೆದಿಲ್ಲ. ಊರಲ್ಲಿದ್ದರೆ ನಾಳೆಯ ಮೊದಲ ಬಸ್ಸಿಗೆ ಹೊರಡು.

ಇನ್ನೊಂದು ವಿಷಯ. ಸ್ಕಾಲರ್‌ಶಿಪ್ ನಿಲ್ಲುವುದು ಬಹಳ ಸಲ ಮಾರ್ಕ್ಸಿನಿಂದಲ್ಲ. ರಾಜ್ಯದ ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಪೋರ್ಟಲಿನಲ್ಲಿ ಆಧಾರಿನ ಹೆಸರು ಒಂದು, ಮಾರ್ಕ್ಸ್ ಕಾರ್ಡಿನ ಹೆಸರು ಇನ್ನೊಂದು ಇದ್ದರೆ ನಿಲ್ಲುತ್ತದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಿಲ್ಲುತ್ತದೆ. ನನ್ನ ಕ್ಲಾಸಿನ ಒಬ್ಬಳಿಗೆ ಎರಡು ವರ್ಷ ದುಡ್ಡು ಬರಲಿಲ್ಲ ಅಂತ ಎಲ್ಲರೂ ಇಲಾಖೆಯನ್ನು ಬೈದೆವು. ಕೊನೆಗೆ ನೋಡಿದರೆ ದುಡ್ಡು ಬಂದಿತ್ತು. ಅವಳು ಐದನೇ ಕ್ಲಾಸಿನಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ಮೇಷ್ಟ್ರು ಮಾಡಿಸಿಕೊಟ್ಟ ಖಾತೆಗೆ ಆಧಾರ್ ಜೋಡಣೆಯಾಗಿತ್ತು, ದುಡ್ಡೆಲ್ಲ ಅಲ್ಲಿ ಹೋಗಿ ಕೂತಿತ್ತು. ಆ ಎರಡು ವರ್ಷ ಆ ಮಗು ಭಾನುವಾರಗಳಲ್ಲಿ ಮದುವೆ ಛತ್ರದಲ್ಲಿ ಎಲೆ ತೆಗೆದು ಫೀಸು ಕಟ್ಟಿತ್ತು. ಬ್ಯಾಂಕಿಗೆ ಹೋಗಿ ‘ನನ್ನ ಆಧಾರ್ ಯಾವ ಖಾತೆಗೆ ಸೀಡ್ ಆಗಿದೆ’ ಅಂತ ಕೇಳು, ಐದು ನಿಮಿಷದ ಕೆಲಸ.

ಇನ್ನು ಓದಿನ ಮಾತು. ನಾನೂ ಫೇಲಾದವಳೇ. 1980ರ ಬೇಸಿಗೆ. ಆಗ ದಾವಣಗೆರೆಗೆ ಸ್ವಂತ ವಿಶ್ವವಿದ್ಯಾಲಯ ಇರಲಿಲ್ಲ, ಅದು ಬಂದದ್ದು 2009ರಲ್ಲಿ. ನಮ್ಮ ಫಲಿತಾಂಶ ಮೈಸೂರಿನಿಂದ ಬಂದು ಕಾಲೇಜಿನ ಬೋರ್ಡಿಗೆ ಅಂಟುತ್ತಿತ್ತು. ಪಾಸಾದವರ ನಂಬರು ಮಾತ್ರ. 437 ಆದಮೇಲೆ 439 ಇತ್ತು. ನಡುವಿನದು ನಾನು. ಚಳ್ಳಕೆರೆಯಲ್ಲಿ ಇಳಿದು ಮನೆಯ ತನಕ ನಡೆದದ್ದು ನೆನಪಿದೆ, ಅಪ್ಪನಿಗೆ ಏನು ಹೇಳಿದೆ ಅನ್ನುವುದು ನೆನಪಿಲ್ಲ. ಅಪ್ಪ ಹೇಳಿದ್ದು ನೆನಪಿದೆ: ‘ಹೋರಿನ ಮೊದಲ ಸಲ ನೊಗಕ್ಕೆ ಕಟ್ಟಿದ ದಿನ ಮಲಗಿಬಿಡ್ತದೆ. ಹಂಗಂತ ಯಾರಾದ್ರೂ ಸಂತೆಗೆ ಹೊಡಕೊಂಡು ಹೋಗ್ತಾರೇನು?’ ನಿನ್ನ ಅಪ್ಪನೂ ನಮ್ಮ ಕಡೆಯವರೇ. ಹೇಳಿ ನೋಡು.

ನೀನು ಕಳೆದುಕೊಂಡದ್ದು ಬುದ್ಧಿಯನ್ನಲ್ಲ, ಪದಗಳನ್ನು. ಒಬ್ಬ ಹುಡುಗ ಒಂದಿಡೀ ಸೆಮಿಸ್ಟರ್ ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತಿದ್ದ. ಬೋರ್ಡಿಗೆ ಕರೆದೆ, ಬಂದು ಕೈಕಟ್ಟಿ ನಿಂತ. ‘ಡಿನಾಮಿನೇಟರ್ ಸೊನ್ನೆ ಆದರೆ ಏನಾಗುತ್ತೆ?’ ಅಂದೆ. ಮೌನ. ಏನೋ ಹೊಳೆದು ‘ಛೇದ ಸೊನ್ನೆ ಆದರೆ?’ ಅಂದೆ. ‘ಛೇದ ಸೊನ್ನೆ ಆಗಂಗಿಲ್ಲ ಮೇಡಂ, ಸೊನ್ನೆಯಿಂದ ಭಾಗಾಕಾರ ಇಲ್ಲ’ ಅಂದ, ಅದೂ ಯಾಕೆ ಇಲ್ಲ ಅಂತ ಹಿಂಬಾಗಿಲಿಂದ ಗುಣಿಸಿ ತೋರಿಸಿದ. ಎರಡು ವರ್ಷ ಪಿ.ಯು.ದಲ್ಲಿ ಅವನನ್ನು ಯಾರೂ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿರಲಿಲ್ಲ. ಅವತ್ತು ಸಂಜೆ ನಾನೊಂದು ಉದ್ದ ಪುಸ್ತಕಕ್ಕೆ ಗೆರೆ ಹಾಕಿದೆ. ಎಡಕ್ಕೆ ಅವಕಲನ, ಬಲಕ್ಕೆ ಡಿಫರೆನ್ಸಿಯೇಷನ್. ಶ್ರೇಢಿ, ಪ್ರೋಗ್ರೆಷನ್. ಪ್ರಮೇಯ, ಥಿಯರಂ. ಲಂಬ, ಪರ್ಪೆಂಡಿಕ್ಯುಲರ್. ನಿನಗೆ ಮೂರನೆಯ ಸಾಲೂ ಬೇಕಾಗಬಹುದು, ಮನೆಯ ತೆಲುಗಿಗೆ. ಹಾಕಿಕೋ, ನಾಚಬೇಡ. ದಿನಕ್ಕೆ ಹತ್ತು ಪದ ಸಾಕು. ಎರಡು ತಿಂಗಳಿಗೆ ಟೆಕ್ಸ್ಟ್ ಪುಸ್ತಕದ ಒಂದು ಪುಟ ನಿಲ್ಲದೆ ಓದಬಲ್ಲೆ. ಅಲ್ಲಿಯವರೆಗೆ ಗೈಡು ಮುಟ್ಟಬೇಡ.

ಈ ವಾರವೇ ಮಾಡಬೇಕಾದದ್ದು ಒಂದೇ. ಉತ್ತರಪತ್ರಿಕೆಯ ಪ್ರತಿ ತರಿಸಲು ಕೊನೆಯ ದಿನ ಯಾವುದು ಅಂತ ಆಫೀಸಿನಲ್ಲಿ ಕೇಳಿ, ತರಿಸು. ಮರುಮೌಲ್ಯಮಾಪನಕ್ಕೆ ಹಾಕದಿದ್ದರೂ ಪರವಾಗಿಲ್ಲ. ಎಲ್ಲಿ ಬರೆಯುವುದನ್ನು ನಿಲ್ಲಿಸಿದ್ದೀಯ ಅಂತ ನಿನ್ನ ಕಣ್ಣಿಗೇ ಕಾಣಬೇಕು. ಅದನ್ನು ಹಿಡಿದು ನಿನ್ನ ಮೇಷ್ಟ್ರ ಹತ್ತಿರ ಹೋಗು. ಖಾಲಿ ಕೈಯಲ್ಲಿ ‘ಅರ್ಥ ಆಗಿಲ್ಲ ಸಾರ್’ ಅಂದರೆ ಅವರಿಗೂ ಎಲ್ಲಿಂದ ಹಿಡಿಯಬೇಕು ಗೊತ್ತಾಗುವುದಿಲ್ಲ.

ಪ್ರಶ್ನೆ: ನಾನು ಚಿತ್ರದುರ್ಗದ ಕಡೆಯ ಕಾಲೇಜೊಂದರಲ್ಲಿ ಉಪನ್ಯಾಸಕ. ಎಸ್.ಸಿ., ಎಸ್.ಟಿ. ವಿದ್ಯಾರ್ಥಿಗಳಿಗೆಂದೇ ಬೆಳಗ್ಗೆ 8ಕ್ಕೆ ರೆಮಿಡಿಯಲ್ ಕ್ಲಾಸ್ (ಪಾಠದಲ್ಲಿ ಹಿಂದೆ ಬಿದ್ದವರಿಗೆ ಮತ್ತೆ ಹೇಳಿಕೊಡುವ ತರಗತಿ) ಇಟ್ಟಿದ್ದೇವೆ. ಪಟ್ಟಿಯಲ್ಲಿ 42 ಹೆಸರಿವೆ, ಬರುವವರು ಐದು. ಆಸಕ್ತಿಯೇ ಇಲ್ಲದವರನ್ನು ಮೇಲೆತ್ತುವುದು ಹೇಗೆ ಮೇಡಂ?

ಉತ್ತರ: ನಿಮ್ಮ ಈ ಪ್ರಶ್ನೆಯನ್ನು ನಾನೇ ಒಂದು ಕಾಲದಲ್ಲಿ ಪ್ರಾಂಶುಪಾಲರ ಮುಂದೆ ಕೇಳಿದ್ದೆ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ. ಯು.ಜಿ.ಸಿ.ಯಿಂದ ರೆಮಿಡಿಯಲ್ ಕೋಚಿಂಗಿಗೆ ಹಣ ಬರುತ್ತಿದ್ದ ಕಾಲ. ಎಂಟಕ್ಕೆ ಕ್ಲಾಸು, ಚಾಕ್‌ಪೀಸು ಹಿಡಿದು ನಾನು, ಎದುರಿಗೆ ನಾಲ್ಕು ಜನ. ನಾಲ್ವರೂ ಊರೊಳಗಿನ ಹಾಸ್ಟೆಲಿನವರು.

ಒಂದು ದಿನ ಸಿಟ್ಟಿಗೆ ಬಸ್ ಸ್ಟ್ಯಾಂಡಿಗೇ ಹೋಗಿ ನಿಂತೆ, ಯಾರ್‍ಯಾರು ಎಷ್ಟು ಹೊತ್ತಿಗೆ ಇಳಿಯುತ್ತಾರೆ ನೋಡೋಣ ಅಂತ. ಜಗಳೂರಿನ ಕಡೆಯ ಬಸ್ಸು ಒಂಬತ್ತೂಕಾಲಿಗೆ ಬಂತು. ಅದರಿಂದ ನನ್ನ ಪಟ್ಟಿಯ ಹನ್ನೊಂದು ಜನ ಇಳಿದರು. ಅದಕ್ಕೆ ಮುಂಚಿನ ಬಸ್ಸು ಅವರ ಊರುಗಳ ಒಳಗೆ ಬರುವುದೇ ಇಲ್ಲ, ಕ್ರಾಸಿನ ತನಕ ಮೂರು ಕಿಲೋಮೀಟರ್ ನಡೆಯಬೇಕು, ಅದೂ ಕತ್ತಲಲ್ಲಿ, ಹೆಣ್ಣುಮಕ್ಕಳು. ಆ ಹನ್ನೊಂದು ಜನರ ಮುಖ ನೋಡಿದ ಮೇಲೆ ‘ಆಸಕ್ತಿ’ ಅನ್ನುವ ಪದವನ್ನು ನಾನು ಬಾಯಿಗೆ ತಂದಿಲ್ಲ.

ಕ್ಲಾಸನ್ನು ಮಧ್ಯಾಹ್ನ ಒಂದೂವರೆಗೆ ಹಾಕಿದೆ. ಈ ಸಲ ಹಳ್ಳಿಯವರು ಬಂದರು, ಹಾಸ್ಟೆಲಿನವರು ನಾಪತ್ತೆ! ಹಾಸ್ಟೆಲಿನ ಊಟದ ಹೊತ್ತು ಅದೇ. ಎರಡಕ್ಕೆ ಅಡುಗೆಯವರು ಪಾತ್ರೆ ತೊಳೆದಿಡುತ್ತಿದ್ದರು. ಹಸಿದ ಮಗು ಲಿಮಿಟ್ಸ್ ಕಲಿಯಲು ಯಾಕೆ ಬರಬೇಕು? ಕೊನೆಗೆ ಟೈಮ್ ಟೇಬಲ್ಲಿನ ಒಳಗೇ ವಾರಕ್ಕೆ ಮೂರು ಗಂಟೆ ಕಿತ್ತುಕೊಂಡೆ, ಅದಕ್ಕಾಗಿ ಎರಡು ವಿಭಾಗದವರ ಜೊತೆ ಮಾತು ಬಿಟ್ಟೆ. ಆಮೇಲೆ ಬೆಂಚು ತುಂಬಿತು.

ಇನ್ನೊಂದು ತಪ್ಪೂ ನನ್ನದೇ. ನೋಟಿಸ್ ಬೋರ್ಡಿನಲ್ಲಿ ‘ಎಸ್.ಸಿ., ಎಸ್.ಟಿ. ವಿದ್ಯಾರ್ಥಿಗಳಿಗೆ ವಿಶೇಷ ತರಗತಿ’ ಅಂತ ಹಾಕಿ, ಕೆಳಗೆ ಹೆಸರುಗಳ ಪಟ್ಟಿ ಅಂಟಿಸಿದ್ದೆ. ಮೂರು ತಿಂಗಳು ಪಕ್ಕದ ಬೆಂಚಿನವಳಿಗೆ ತನ್ನ ಜಾತಿ ಗೊತ್ತಾಗದ ಹಾಗೆ ಕಾಪಾಡಿಕೊಂಡು ಬಂದ ಹುಡುಗಿಯ ಹೆಸರನ್ನು ನಾನು ಗೋಡೆಗೆ ಹೊಡೆದಿದ್ದೆ. ಅವಳು ಕ್ಲಾಸಿಗೆ ಬರಲಿಲ್ಲ ಅಂತ ಬೈದದ್ದೂ ನಾನೇ. ಆಮೇಲೆ ಪಟ್ಟಿ ತೆಗೆದು ಯಾರಾದರೂ ಬರಬಹುದು ಅಂತ ಮಾಡಿದೆವು, ‘ಲೆಕ್ಕದ ಕಟ್ಟೆ’ ಅಂತ ಹೆಸರಿಟ್ಟೆವು. ಲಿಂಗಾಯತರ ಹುಡುಗರೂ, ಸಾಬರ ಹುಡುಗಿಯರೂ ಬಂದು ಕೂತರು. ಖರ್ಚಿನ ಲೆಕ್ಕಕ್ಕೆ ಬೇಕಾದ ಪಟ್ಟಿ ನನ್ನ ಡೆಸ್ಕಿನ ಒಳಗೆ ಇತ್ತು, ಅಲ್ಲೇ ಇರಬೇಕಾದ್ದು.

ನೀವು ಯಾವಾಗ ಕ್ಲಾಸು ಶುರು ಮಾಡಿದಿರಿ ಅಂತ ಬರೆದಿಲ್ಲ. ಫಲಿತಾಂಶ ನೋಡಿ ಪಟ್ಟಿ ಮಾಡಿದ್ದರೆ ತಡವಾಯಿತು. ಮೊದಲ ಇಂಟರ್ನಲ್ ಟೆಸ್ಟಿನ ಪೇಪರ್ ತಿದ್ದಿದ ದಿನವೇ ಯಾರು ಮುಳುಗುತ್ತಿದ್ದಾರೆ ಅಂತ ನಮಗೆ ಗೊತ್ತಿರುತ್ತದೆ. ಆ ಅಂಕಗಳನ್ನು ರಿಜಿಸ್ಟರಿಗೆ ಏರಿಸಿ ಮುಚ್ಚಿಡುತ್ತೇವೆ, ಸೆಮಿಸ್ಟರ್ ಕೊನೆಗೆ ತೆಗೆದು ಆಶ್ಚರ್ಯಪಡುತ್ತೇವೆ.

ಅಂಕ ಬಿಟ್ಟು ಕಾಗದಪತ್ರದ ಒಂದು ಕಷ್ಟವನ್ನೂ ನೋಡಿ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಬುಡಕಟ್ಟಿನ ಹುಡುಗನೊಬ್ಬನಿಗೆ ಶಾರ್ಟೇಜ್ ನೋಟಿಸ್ ಹೋಗಿತ್ತು, ‘ಪೋಷಕರನ್ನು ಕರೆತರದೆ ಒಳಗೆ ಬಿಡುವುದಿಲ್ಲ’ ಅಂತ. ಅವನ ಅಪ್ಪ ಅಮ್ಮ ತಲೆಗೂದಲ ಎಣ್ಣೆ ಮಾರಲು ದೇಶ ಬಿಟ್ಟು ಹೋಗಿದ್ದರು. ಅಜ್ಜಿ ಬಂದಳು. ಅವಳಿಗೆ ಮನೆಮಾತು ವಾಗ್ರಿ ಬಿಟ್ಟರೆ ಮುರುಕು ಕನ್ನಡ. ಆಫೀಸಿನವರು ‘ಅಜ್ಜಿ ಪೋಷಕರಲ್ಲ’ ಅಂದರು. ಕೊನೆಗೆ ನಾನೇ ಸಹಿ ಹಾಕಿದೆ, ನಿಯಮ ಮೀರಿದ್ದೇನೋ ಗೊತ್ತಿಲ್ಲ. 2023ರಲ್ಲಿ ಸುಡಾನಿನ ಯುದ್ಧದಲ್ಲಿ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದ ಸುದ್ದಿ ಪೇಪರಿನಲ್ಲಿ ಓದಿದಾಗ ಆ ಅಜ್ಜಿಯ ಮುಖವೇ ಕಣ್ಣ ಮುಂದೆ ಬಂತು.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಜಗಳೂರು ತಾಲ್ಲೂಕಿನ ರೈತ. ಮಗ ಐ.ಐ.ಟಿ. ಪ್ರವೇಶದ ಜೆ.ಇ.ಇ. ಅಡ್ವಾನ್ಸ್ಡ್ ಪರೀಕ್ಷೆ ಬರೆದಿದ್ದ. ರ್‍ಯಾಂಕಿನ ಪಕ್ಕ ‘ಪಿ’ ಅಂತ ಬಂತು. ಸೈಬರಿನವನು ‘ಇದು ಪಾಸಲ್ಲ, ಪೆಂಡಿಂಗ್’ ಅಂದ. ಹಾಗೂ ಹೀಗೂ ಐ.ಐ.ಟಿ.ಯ ಪ್ರೆಪರೇಟರಿ ಕೋರ್ಸಿಗೆ ಕಳಿಸಿದ್ದೇವೆ. ನೆಂಟರು ಒಂದು ವರ್ಷ ಹಾಳು ಅನ್ನುತ್ತಾರೆ. ಈಗ ಮೊದಲ ಪರೀಕ್ಷೆಯಲ್ಲಿ ಕಡಿಮೆ ಬಂದಿದೆ. ವಾಪಸ್ ಕರೆಸಿ ಇಲ್ಲೇ ಇಂಜಿನಿಯರಿಂಗ್ ಹಾಕಿಸಲಾ?

ಉತ್ತರ: ಕರೆಸಬೇಡಿ ಅಣ್ಣಾ. ಸೈಬರಿನವನಿಗೆ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗುವ ಬೇರೆ ಪದ ಗೊತ್ತಿರಲಿಲ್ಲ ಅಷ್ಟೆ. ಅದು ‘ಪ್ರೆಪರೇಟರಿ’.

ಐ.ಐ.ಟಿ.ಗಳಲ್ಲಿ ಎಸ್.ಸಿ., ಎಸ್.ಟಿ. ಮತ್ತು ಅಂಗವಿಕಲ ವಿದ್ಯಾರ್ಥಿಗಳ ಸೀಟು ತುಂಬದೆ ಉಳಿದರೆ, ಅರ್ಹತೆಯ ಗೆರೆಗಿಂತ ಸ್ವಲ್ಪ ಕೆಳಗೆ ನಿಂತವರನ್ನು ಒಂದು ವರ್ಷ ತಯಾರು ಮಾಡಿ ಆಮೇಲೆ ಬಿ.ಟೆಕ್.ಗೆ ಸೇರಿಸಿಕೊಳ್ಳುತ್ತಾರೆ. ಗೆರೆಯ ಲೆಕ್ಕ ಹೀಗಿದೆ: ಸಾಮಾನ್ಯ ಪಟ್ಟಿಗೆ ಬೇಕಾದ ಅಂಕದ ಅರ್ಧ ಬಂದರೆ ಎಸ್.ಟಿ. ಪಟ್ಟಿ, ಅದರಲ್ಲೂ ಅರ್ಧ ಬಂದರೆ ಪ್ರೆಪರೇಟರಿ ಪಟ್ಟಿ. ಆ ವರ್ಷ ಭೌತ, ರಸಾಯನ, ಗಣಿತ, ಜೊತೆಗೆ ಇಂಗ್ಲಿಷ್. ದಾಟಿದರೆ ಮತ್ತೆ ಜೆ.ಇ.ಇ. ಬರೆಯುವಂತಿಲ್ಲ, ನೇರ ಮೊದಲ ವರ್ಷ. ದಾಟದಿದ್ದರೆ ಸೀಟಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಕಾಲೇಜು ಸೇರುವ ಮೊದಲೇ ಅಡಿಪಾಯಕ್ಕೆ ಒಂದು ವರ್ಷ ಕೊಡುವ ಇಂಥ ಏರ್ಪಾಡು ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಇದ್ದಿದ್ದರೆ ಮೊಳಕಾಲ್ಮುರಿನ ಆ ಹುಡುಗಿ ಮೇಲಿನ ಕಾಗದ ಬರೆಯುತ್ತಿರಲಿಲ್ಲ.

ವರ್ಷ ಹಾಳು ಅನ್ನುವ ನೆಂಟರಿಗೆ ಹೇಳಿ, ರಾಜಸ್ಥಾನದ ಕೋಟಾದ ಕೋಚಿಂಗಿಗೆ ದುಡ್ಡು ಸುರಿದು ಮಗನನ್ನು ಎರಡನೇ ಸಲ ಬರೆಸುವವರೂ ಒಂದು ವರ್ಷ ಕೊಟ್ಟೇ ಕೊಡುತ್ತಾರೆ.

ಆದರೆ ಐ.ಐ.ಟಿ. ಅಂದರೆ ದೇವಸ್ಥಾನ ಅಂತ ಕೈಮುಗಿದು ಕೂರಬೇಡಿ. 2015ರಲ್ಲಿ ರೂರ್ಕಿಯ ಐ.ಐ.ಟಿ. ಮೊದಲ ವರ್ಷದ ಕೊನೆಗೆ ಸಿ.ಜಿ.ಪಿ.ಎ. (ಒಟ್ಟು ಸರಾಸರಿ ಗ್ರೇಡ್ ಅಂಕ) 5 ಮುಟ್ಟಲಿಲ್ಲ ಅಂತ 73 ಮಕ್ಕಳನ್ನು ಒಟ್ಟಿಗೆ ಮನೆಗೆ ಕಳಿಸಿತು. ಅವರಲ್ಲಿ ಹೆಚ್ಚಿನವರು ಮೀಸಲು ಸೀಟಿನವರು. ಹೈಕೋರ್ಟಿಗೆ ಹೋದರೂ ಗೆಲ್ಲಲಿಲ್ಲ, ಕೊನೆಗೆ ಸಂಸ್ಥೆಯೇ ಷರತ್ತಿನ ಮೇಲೆ ಇನ್ನೊಂದು ಅವಕಾಶ ಕೊಟ್ಟಿತು. ನಿಮ್ಮ ಮಗ ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ ಅಪ್ಪಾ’ ಅಂದರೆ ಒಪ್ಪಿಕೊಂಡು ಇಟ್ಟುಬಿಡಬೇಡಿ. ‘ಯಾವ ಮೇಷ್ಟ್ರು ನಿನ್ನ ಹೆಸರು ಹಿಡಿದು ಕರೀತಾರೆ?’ ಅಂತ ಕೇಳಿ. ಒಬ್ಬರೂ ಇಲ್ಲ ಅಂದರೆ, ಈ ವಾರ ಅವನಿಗೆ ಗೊತ್ತುಮಾಡಿದ ಅಡ್ವೈಸರ್ ಹತ್ತಿರ ಹೋಗಿ ಮಾರ್ಕ್ಸು ತೋರಿಸಲು ಹೇಳಿ. ಹಿಂದಿನ ವರ್ಷ ಪ್ರೆಪರೇಟರಿ ದಾಟಿದ ಒಬ್ಬ ಹುಡುಗ ಅದೇ ಹಾಸ್ಟೆಲಿನಲ್ಲಿ ಎಲ್ಲೋ ಇರುತ್ತಾನೆ, ಅವನನ್ನು ಹುಡುಕಲಿ. ಅವನು ಕೊಡುವ ನೋಟ್ಸು ಸಿಕ್ಕರೆ ನಮ್ಮ ಮಾತೇ ಬೇಕಿಲ್ಲ.

ಪ್ರಶ್ನೆ: ನನ್ನ ತಮ್ಮ ಕೆನಡಾದ ಒಂದು ವಿಶ್ವವಿದ್ಯಾಲಯದಲ್ಲಿದ್ದಾನೆ, ಮನೆ ಪತ್ರ ಅಡವಿಟ್ಟು ಕಳಿಸಿದ್ದೇವೆ. ಮೊದಲ ಟರ್ಮಿನಲ್ಲಿ ಜಿ.ಪಿ.ಎ. 1.7 ಬಂದು ‘ಅಕಾಡೆಮಿಕ್ ಪ್ರೊಬೇಷನ್’ ಅಂತ ಪತ್ರ ಬಂದಿದೆ. ಅಲ್ಲಿ ‘ಇಂಡಿಜಿನಸ್’ ವಿದ್ಯಾರ್ಥಿಗಳಿಗೆ ಬೇರೆ ಸೆಂಟರ್ ಇದೆಯಂತೆ, ಪಾಠ ಹೇಳಿಕೊಡುತ್ತಾರಂತೆ, ಹಣದ ಸಹಾಯವೂ ಇದೆಯಂತೆ. ನಾವು ವಾಲ್ಮೀಕಿ ನಾಯಕರು, ಎಸ್.ಟಿ. ಸರ್ಟಿಫಿಕೇಟ್ ಇದೆ. ನಾವೂ ಬುಡಕಟ್ಟೇ ಅಲ್ವಾ? ಆ ಫಾರಂ ತುಂಬಲು ಹೇಳಲಾ? (ದಾವಣಗೆರೆ)

ಉತ್ತರ: ಬೇಡ. ಖಂಡಿತ ಬೇಡ.

ಕೆನಡಾದ 1982ರ ಸಂವಿಧಾನ ಕಾಯ್ದೆ ಮೂಲನಿವಾಸಿಗಳೆಂದು ಒಪ್ಪಿರುವುದು ಆ ನೆಲದ ಮೂರು ಸಮುದಾಯಗಳನ್ನು: ಫಸ್ಟ್ ನೇಷನ್ಸ್, ಇನ್ಯೂಟ್, ಮೇಟಿ. ನಮ್ಮ ತಹಶೀಲ್ದಾರರ ಸೀಲು ಅಲ್ಲಿ ನಡೆಯುವುದಿಲ್ಲ. ನಡೆಯಬಾರದು ಕೂಡ. ಅಲ್ಲದವರು ಮೂಲನಿವಾಸಿಗಳೆಂದು ಹೇಳಿಕೊಂಡು ಅವರ ಹುದ್ದೆ, ಹಣ ಪಡೆದ ಪ್ರಕರಣಗಳಿಂದ ಅಲ್ಲಿನ ವಿಶ್ವವಿದ್ಯಾಲಯಗಳು ಈಚೆಗೆ ದಾಖಲೆ ಕೇಳತೊಡಗಿವೆ. ನಮ್ಮಲ್ಲಿ ಸುಳ್ಳು ಜಾತಿ ಪ್ರಮಾಣಪತ್ರ ತಂದು ಎಸ್.ಟಿ. ಸೀಟು ಹೊಡೆದವರ ಮೇಲೆ ನಮಗೆ ಬರುವ ಸಿಟ್ಟು ಅವರಿಗೂ ಬರುತ್ತದೆ. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿಗಳನ್ನು ಪಟ್ಟಿಗೆ ಸೇರಿಸಿದಾಗ ನಾನು ಆಗಲೇ ಪಾಠ ಹೇಳುತ್ತಿದ್ದೆ. ಆಮೇಲೆ ಎಷ್ಟು ಜನ ಒಂದೇ ರಾತ್ರಿಯಲ್ಲಿ ನಮ್ಮ ನೆಂಟರಾದರು ಅಂತ ನೋಡಿದ್ದೇನೆ.

ಆದರೂ ನಿಮ್ಮ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಆ ಸೆಂಟರ್ ಅಲ್ಲಿ ಯಾಕೆ ಇದೆ ನೋಡಿ. ಆ ದೇಶ ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ಕಿತ್ತು ವಸತಿಶಾಲೆಗಳಲ್ಲಿ ಇಟ್ಟು ಅವರ ಭಾಷೆ ಬಿಡಿಸಿತು, ಅಂಥ ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಅದರ ಸತ್ಯಶೋಧನೆಗೆ ಕೂತ ಆಯೋಗ 2015ರಲ್ಲಿ 94 ಶಿಫಾರಸು ಕೊಟ್ಟಿತು. ಹಣವಿಲ್ಲದೆ ಕಾಲೇಜಿಗಾಗಿ ಸರದಿಯಲ್ಲಿ ಕಾಯುತ್ತಿರುವ ಫಸ್ಟ್ ನೇಷನ್ಸ್ ಮಕ್ಕಳ ಬಾಕಿ ತೀರಿಸಿ ಅನ್ನುವುದೂ ಅದರಲ್ಲಿ ಒಂದು. ಶಾಲೆ ಪೂರ್ತಿ ಮುಗಿಸದವರನ್ನು ಒಂದು ವರ್ಷ ಸಿದ್ಧಗೊಳಿಸಿ ಡಿಗ್ರಿಗೆ ಬಿಡುವ ಕೋರ್ಸು ಟೊರಾಂಟೋ ವಿಶ್ವವಿದ್ಯಾಲಯದಲ್ಲಿ 1970ರಿಂದ ಇದೆ. ಆಲ್ಬರ್ಟಾದಲ್ಲಿ ಮೂಲನಿವಾಸಿ ಮಕ್ಕಳಿಗೆಂದೇ ಅಂಥ ವರ್ಷವಿದೆ. ರೆಜೈನಾದಲ್ಲಿ 1976ರಲ್ಲಿ ಅವರದೇ ಕಾಲೇಜು ಶುರುವಾಗಿ ಈಗ ಫಸ್ಟ್ ನೇಷನ್ಸ್ ಯೂನಿವರ್ಸಿಟಿ ಆಗಿದೆ. ಹಲವು ಕ್ಯಾಂಪಸ್ಸುಗಳಲ್ಲಿ ಸಮುದಾಯದ ಹಿರಿಯರನ್ನೇ ಕರೆದು ಕೂರಿಸಿಕೊಳ್ಳುತ್ತಾರೆ, ಮನೆ ನೆನಪಾಗಿ ಕುಗ್ಗಿದ ಹುಡುಗ ಅವರ ಹತ್ತಿರ ಹೋಗಿ ಕೂರಬಹುದು. ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಗುಡಿಕಟ್ಟಿನ (ಒಂದೇ ಗುಡಿಗೆ ಸೇರಿದ ಕುಲದವರ ಕೂಟದ) ಯಜಮಾನರಿಗೆ ಕುರ್ಚಿ ಹಾಕಿ ಕೂರಿಸಿದ್ದರೆ ಹೇಗಿರುತ್ತಿತ್ತು ಅಂತ ಯೋಚಿಸಿ ನಗು ಬಂತು, ಆಮೇಲೆ ನಗು ನಿಂತಿತು.

ಆಸ್ಟ್ರೇಲಿಯಾದ ಕಥೆ ಇನ್ನೂ ಹತ್ತಿರದ್ದು. ಅಲ್ಲಿ 2022ರಿಂದ ಒಂದು ನಿಯಮವಿತ್ತು: ಮೊದಲ ಎಂಟು ವಿಷಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಫೇಲಾದವರಿಗೆ ಸರ್ಕಾರದ ಸಹಾಯಧನದ ಸೀಟು ಹೋಗುತ್ತಿತ್ತು. ಅದರ ಏಟು ಮೂಲನಿವಾಸಿ ಮತ್ತು ಬಡ ಮಕ್ಕಳಿಗೇ ಹೆಚ್ಚು ಬೀಳುತ್ತದೆ ಅಂತ ತಿಳಿದು 2024ರ ಜನವರಿಯಿಂದ ತೆಗೆದುಹಾಕಿದರು. ಬದಲಿಗೆ, ಮುಳುಗುತ್ತಿರುವವರನ್ನು ಮೊದಲೇ ಗುರುತಿಸಿ ಏನು ಸಹಾಯ ಕೊಡುತ್ತೀರಿ ಅಂತ ಪ್ರತಿ ವಿಶ್ವವಿದ್ಯಾಲಯ ಲಿಖಿತವಾಗಿ ಹೇಳಬೇಕು ಅಂತ ಮಾಡಿದರು. ಅದೇ ವರ್ಷದಿಂದ ಅರ್ಹತೆಯಿರುವ ಪ್ರತಿಯೊಬ್ಬ ಮೂಲನಿವಾಸಿ ವಿದ್ಯಾರ್ಥಿಗೂ ಸಹಾಯಧನದ ಸೀಟು, ಮೆಡಿಕಲ್ ಒಂದು ಬಿಟ್ಟು. ನಿಯಮ ಬರೆದು ಕೆಲವೇ ವರ್ಷಕ್ಕೆ ತಪ್ಪಾಯಿತು ಅಂತ ಅಳಿಸಿದ ಸರ್ಕಾರವನ್ನು ನಾನು ಹೊಗಳುತ್ತೇನೆ.

ಈಗ ನಿಮ್ಮ ತಮ್ಮನ ಕಡೆ ಬರೋಣ. ಪ್ರೊಬೇಷನ್ ಅಂದರೆ ಹೊರಗೆ ಹಾಕಿದ್ದಲ್ಲ, ಎಚ್ಚರಿಕೆ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಜಿ.ಪಿ.ಎ. 2.0ಕ್ಕಿಂತ ಕೆಳಗೆ ಬಂದರೆ ಈ ಪತ್ರ ಬರುತ್ತದೆ. ಮುಂದಿನ ಟರ್ಮಿನಲ್ಲಿ ಏರಿಸದಿದ್ದರೆ ಬಿಟ್ಟುಹೋಗಿ ಅನ್ನುತ್ತಾರೆ. ಪತ್ರದಲ್ಲಿ ಅಡ್ವೈಸರ್ ಹೆಸರು ಇರುತ್ತದೆ, ಮೊದಲು ಅವರನ್ನು ಕಾಣಲಿ. ಬರವಣಿಗೆ ಕಲಿಸುವ ಕೇಂದ್ರ, ಟ್ಯೂಟರ್‌ಗಳು ಎಲ್ಲ ವಿದ್ಯಾರ್ಥಿಗಳಿಗೂ ಇರುತ್ತಾರೆ, ಅದಕ್ಕೆ ಜಾತಿ ಪ್ರಮಾಣಪತ್ರ ಬೇಕಿಲ್ಲ. ಭಾರ ಅಂತ ವಿಷಯ ಕೈಬಿಡುವ ಮುಂಚೆ ವಿದೇಶಿ ವಿದ್ಯಾರ್ಥಿಗಳ ಆಫೀಸನ್ನು ಕೇಳಲೇಬೇಕು. ಅವನ ಸ್ಟಡಿ ಪರ್ಮಿಟ್ಟಿನ ಷರತ್ತೇ ದಾಖಲಾಗಿದ್ದು ಓದು ಮುಂದುವರಿಸುತ್ತಿರಬೇಕು ಅನ್ನುವುದು, ಓದಿದ ಮೇಲೆ ಕೆಲಸದ ಪರ್ಮಿಟ್ಟಿಗೂ ಫುಲ್ ಟೈಮ್ ಓದಿನ ಲೆಕ್ಕ ನೋಡುತ್ತಾರೆ. ರಾತ್ರಿ ಎಷ್ಟು ಗಂಟೆ ಕೆಲಸಕ್ಕೆ ಹೋಗುತ್ತಿದ್ದಾನೆ ಅಂತಲೂ ಕೇಳಿ, ಬೈಯದೆ. ಅಡವಿನ ಬಡ್ಡಿಯನ್ನು ಪ್ರತಿ ಫೋನಿನಲ್ಲೂ ನೆನಪಿಸುತ್ತಿದ್ದರೆ ಅವನು ನಿಜ ಹೇಳುವುದಿಲ್ಲ.

ಪ್ರಶ್ನೆ: ಸೀಟು ಕೊಟ್ಟಾಯಿತು, ಫೀಸು ಬಿಟ್ಟಾಯಿತು, ಹಾಸ್ಟೆಲಿನಲ್ಲಿ ಊಟ ಹಾಕಿದ್ದಾಯಿತು. ಇನ್ನೂ ಇವರಿಗೆ ಪ್ರತ್ಯೇಕ ಪಾಠವೂ ಬೇಕಾ? (ನಿಮ್ಮ ಹಳೆಯ ಓದುಗ)

ಉತ್ತರ: ಸಂಜೆ ಐದಕ್ಕೆ ವಿದ್ಯಾನಗರದ ಕಡೆ ಒಂದು ಸುತ್ತು ಬನ್ನಿ ಸಾರ್. ಟ್ಯೂಷನ್ ಮನೆಗಳ ಮುಂದೆ ಸ್ಕೂಟಿಗಳು ರಸ್ತೆ ತನಕ ನಿಂತಿರುತ್ತವೆ. ಅದೂ ಪ್ರತ್ಯೇಕ ಪಾಠವೇ. ನಾನೂ ನಿವೃತ್ತಿಯಾದ ಮೇಲೆ ಎರಡು ವರ್ಷ ಹೇಳಿದ್ದೇನೆ, ದುಡ್ಡು ತಗೊಂಡಿದ್ದೇನೆ, ನಿಮ್ಮಂಥವರ ಮೊಮ್ಮಕ್ಕಳೇ ಬರುತ್ತಿದ್ದರು. 2022ರಲ್ಲಿ ರಾಜ್ಯದಲ್ಲಿ ಎಸ್.ಟಿ. ಮೀಸಲಾತಿ ಶೇ. 3ರಿಂದ 7ಕ್ಕೆ ಏರಿತು. ಬಾಗಿಲು ಅಗಲವಾಯಿತು, ಒಳಗಿನ ಮೆಟ್ಟಿಲು ಅಷ್ಟೇ ಎತ್ತರ ಇದೆ.

ಪ್ರಶ್ನೆ: ನಾವು ಹಿರಿಯೂರು ಕಡೆಯ ಕಾಡುಗೊಲ್ಲರು. ಮಗಳ ಡಿಗ್ರಿ ಅರ್ಜಿಯಲ್ಲಿ ಎಸ್.ಟಿ. ಅಂತ ಹಾಕಬಹುದಾ? ಆಗೇಹೋಗ್ತದೆ ಅಂತ ಎಲ್ಲರೂ ಹೇಳ್ತಾರೆ.

ಉತ್ತರ: ಹಟ್ಟಿಯಲ್ಲಿ ನಿಮ್ಮ ಬದುಕು ಬುಡಕಟ್ಟಿನದೇ ಅಂತ ನನಗೆ ಅನುಮಾನವಿಲ್ಲ, ಬೇಡಿಕೆಯೂ ಹಳೆಯದು. ಆದರೆ ಕೇಂದ್ರದ ಪಟ್ಟಿಗೆ ಸೇರುವವರೆಗೆ ಹಾಕುವಂತಿಲ್ಲ ಅಕ್ಕಾ. ಈಗ ನೀವು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿದ್ದೀರಿ. ತಹಶೀಲ್ದಾರರಿಂದ ಕಾಡುಗೊಲ್ಲ ಅಂತಲೇ ಬರೆಸಿ ಆ ಪ್ರಮಾಣಪತ್ರ ತನ್ನಿ. ಬರೀ ಗೊಲ್ಲ ಅಂತ ಬರೆಸಬೇಡಿ, ನಾಳೆ ಪಟ್ಟಿ ಬದಲಾದರೆ ಆ ಒಂದು ಪದಕ್ಕೇ ಅಲೆದಾಡಬೇಕಾಗುತ್ತದೆ. ಸ್ಕಾಲರ್‌ಶಿಪ್ಪಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅರ್ಜಿ ಅದೇ ಎಸ್.ಎಸ್.ಪಿ. ಪೋರ್ಟಲಿನಲ್ಲಿ. ಮಗಳ ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಿಸಿದೆ ಅಂತ ಅರ್ಜಿ ಹಾಕುವ ಮುಂಚೆ ನೋಡಿಸಿ.